ಖುಬಾನಿಗೆ ಚಕ್ರ

ಮೂರು ವಾರದ ಹಿಂದೆ ಆಫೀಸಿಗೆ ರಜೆ ಹಾಕಿದೆ. ಕಾರಣ ಎಂಬ ಜಾಗದಲ್ಲಿ 'ಮನೆಯವರೊಬ್ಬರಿಗೆ ಕಾಲು ತೊಂದರೆ' ಎಂದು ಬರೆದೆ. ಐದೇ ನಿಮಿಷಕ್ಕೆ ಮ್ಯಾನೇಜರ್ ಫೋನು.

"ತಾಯಿಯವರಿಗಾ? ಏನಾಯ್ತು?"

"ಇಲ್ಲ ಸರ್, ತಾಯಿ ಆರಾಮಾಗಿದ್ದಾರೆ. ಗಿನಿ ಪಿಗ್‌ಗೆ."

 ಬಹಳ ಮೃದುವಾದ ದನಿಯಲ್ಲಿ, "ಟೇಕ್ ಕೇರ್. ಬೇಕಿದ್ದರೆ ನಾಳೆಯೂ ತಗೊಳ್ಳಿ" ಎಂದರು. (ಕಳೆದ ವರ್ಷ ನನಗೆ ಡೆಂಗ್ಯೂ ಬಂದಾಗ ಲ್ಯಾಪ್‌ಟಾಪನ್ನು ಆಸ್ಪತ್ರೆಗೇ ತರಿಸಿಕೊಳ್ಳಿ ಎಂದವರು ಇದೇ ಮಹಾನುಭಾವರು.)

ಗಿನಿ ಪಿಗ್ ನೋಡಿರದವರಿಗೆ ಒಂದು ಮಾತು. ಅದು ಇಲಿಗಿಂತ ದೊಡ್ಡದು, ಮೊಲಕ್ಕಿಂತ ಸಣ್ಣದು. ಬಾಲವಿಲ್ಲ. ಕುತ್ತಿಗೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮಗಳು ಚಿನ್ಮಯಿ ಹತ್ತನೇ ಹುಟ್ಟುಹಬ್ಬಕ್ಕೆ ನಾಯಿ ಕೇಳಿದ್ದಳು. ನಾನೂ ನನ್ನ ಹೆಂಡತಿ ವೀಣಾಳೂ ಮೂರು ದಿನ ಚೌಕಾಶಿ ಮಾಡಿ ಅವಳನ್ನು ಇದಕ್ಕೆ ಇಳಿಸಿದೆವು. ಹೈದರಾಬಾದಿನ ಮದುವೆ ಊಟದ ಕೊನೆಗೆ ಬಡಿಸುತ್ತಾರಲ್ಲ, ಖುಬಾನಿ ಎಂಬ ಜರ್ದಾಳು ಹಣ್ಣಿನ ಸಿಹಿ? ಈ ಪ್ರಾಣಿಯದು ಅದೇ ಬಣ್ಣ. ಹಾಗಾಗಿ ಖುಬಾನಿ ಎಂದು ಹೆಸರಿಟ್ಟಳು. ನಮ್ಮ ಅವ್ವ ಮಾತ್ರ ಮೊದಲ ದಿನದಿಂದಲೂ ಅದನ್ನು ಇಲಿ ಎಂದೇ ಕರೆಯುತ್ತಾಳೆ.

ಅವ್ವ ನಮ್ಮ ಜೊತೆಗೇ ಇದ್ದಾಳೆ. ನಾವು ಮೂಲತಃ ಕೊಪ್ಪಳದ ಕಡೆಯವರು. ಅಪ್ಪ ಇಲ್ಲಿ ಹೈದರಾಬಾದಿನ ನೀರಾವರಿ ಇಲಾಖೆಯಲ್ಲಿದ್ದರು, ನಾನು ಹುಟ್ಟಿ ಬೆಳೆದದ್ದು ಹಿಮಾಯತ್‌ನಗರದ ಒಂದು ಹಳೆ ಬಾಡಿಗೆ ಮನೆಯಲ್ಲಿ. ಶಹಾಬಾದ್ ಕಲ್ಲಿನ ನೆಲ, ಒರಟು ಒರಟು. ಎರಡು ವರ್ಷದ ಹಿಂದೆ ಅದನ್ನು ಕೆಡವುತ್ತಾರೆಂದಾಗ ಮಣಿಕೊಂಡದ ಈ ಟವರಿನ ಹನ್ನೊಂದನೇ ಮಹಡಿಗೆ ಬಂದೆವು. ನಿಜ ಹೇಳಬೇಕೆಂದರೆ ನಾನು ಈ ಫ್ಲ್ಯಾಟ್ ಒಪ್ಪಿಕೊಂಡದ್ದೇ ನೆಲ ನೋಡಿ. ತೋರಿಸಲು ಬಂದ ಸೇಲ್ಸಿನವರು "ಸರ್, ಬಾಗಿ ನೋಡಿ, ನಿಮ್ಮ ಮುಖ ಕಾಣುತ್ತೆ" ಎಂದರು. ಬಾಗಿ ನೋಡಿದೆ. ಕಂಡಿತು. ಮನೆ ಕೊಳ್ಳುವವನಿಗೆ ಇದಕ್ಕಿಂತ ಹೆಚ್ಚಿನ ತನಿಖೆ ಏನು ಬೇಕು?

ಇಂಥ ಮನೆಯಲ್ಲಿ ಒಂದು ಬೆಳಗ್ಗೆ ಖುಬಾನಿ ನಡೆಯಲಿಲ್ಲ.

ಚಿನ್ಮಯಿ ಎಂದಿನಂತೆ ಪಂಜರದಿಂದ ಹಾಲಿಗೆ ಬಿಟ್ಟಳು. ಹಿಂದಿನ ಎರಡು ಕಾಲುಗಳು ಎರಡು ಕಡೆಗೆ ಹರಡಿಕೊಂಡವು. ಹೊಟ್ಟೆ ನೆಲಕ್ಕೆ ಅಂಟಿತು. ಮುಂಗಾಲಿನಲ್ಲಿ ಎಳೆದುಕೊಂಡು ಎರಡು ಗೇಣು ಹೋಗಿ ಕೂತುಬಿಟ್ಟಿತು. ಅವಳು ಅಳುತ್ತಾ ನನ್ನನ್ನು ಎಬ್ಬಿಸಿದಳು.

ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ಡಾಕ್ಟರ ಬಳಿ ಹೋಗುತ್ತಿದ್ದರು. ನಾವು ಐಟಿಯವರು. ಮೊದಲು ಗ್ರೂಪ್ ಮಾಡಿದೆವು.

ನಮ್ಮ ಟವರಿನ ಪ್ರಾಣಿಪ್ರಿಯರನ್ನೆಲ್ಲ ಸೇರಿಸಿ 'ಖುಬಾನಿ ರಿಕವರಿ' ಎಂಬ ಗ್ರೂಪ್ ಹುಟ್ಟಿತು. ಒಂದೇ ಗಂಟೆಯಲ್ಲಿ ಮೂವತ್ತು ಜನ. ಅದರಲ್ಲಿ ಅರ್ಧದಷ್ಟು ಜನರ ಮನೆಯಲ್ಲಿ ಯಾವ ಪ್ರಾಣಿಯೂ ಇಲ್ಲ. ಒಬ್ಬರು 'ರೂಟ್ ಕಾಸ್ ಏನು?' ಎಂದು ಮೂಲ ಕಾರಣ ಕೇಳಿದರು. ಇನ್ನೊಬ್ಬರು 'ಕೊನೆಯ ಸಲ ಸರಿಯಾಗಿ ನಡೆದದ್ದು ಯಾವಾಗ, ಆಮೇಲೆ ಏನೇನು ಬದಲಾಯಿತು?' ಎಂದರು. ಇದು ಒಳ್ಳೆಯ ಪ್ರಶ್ನೆಯೇ. ಆದರೆ ಉತ್ತರ ಹೇಳುವ ಮೊದಲೇ ಮೂರನೆಯವರು ಎಲ್ಲರೂ ನಿಂತೇ ಮಾತಾಡಿ ಮುಗಿಸುವ ಬೆಳಗಿನ ಸ್ಟ್ಯಾಂಡ್-ಅಪ್ ಮೀಟಿಂಗ್ ಇಟ್ಟರು. ನಿಲ್ಲಲಾರದ ಪ್ರಾಣಿಯ ಬಗ್ಗೆ ದಿನಾ ಎಂಟೂವರೆಗೆ ಸ್ಟ್ಯಾಂಡ್-ಅಪ್!

ಕುಂಟನಿಗೆ ಎಂಟು ಚೇಷ್ಟೆ ಅಂತಾರೆ. ನಮ್ಮ ಮನೆಯಲ್ಲಿ ಕುಂಟ ಸುಮ್ಮನೆ ಕೂತಿದ್ದ. ಚೇಷ್ಟೆಯೆಲ್ಲ ಕಾಲು ಗಟ್ಟಿ ಇದ್ದವರದೇ.

ಏಳನೇ ಮಹಡಿಯ ಶ್ರೀಧರ್ ರೋಬೋಟ್ ಕಂಪನಿಯಲ್ಲಿರುವವನು. ಬಂದವನೇ ಖುಬಾನಿಯನ್ನು ಎತ್ತಿ ತಿರುಗಿಸಿ ನೋಡಿ, "ಅನ್ನಾ, ನೋ ಟೆನ್ಷನ್. ವೀಲ್ಸ್ ಪೆಡದಾಂ" ಎಂದ. ಚಕ್ರ ಹಾಕೋಣ. ಯಾಕೆ ನಡೆಯುತ್ತಿಲ್ಲ ಎಂದು ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಪರಿಹಾರ ಅಷ್ಟು ಚೆನ್ನಾಗಿರುವಾಗ ಸಮಸ್ಯೆ ಯಾರಿಗೆ ಬೇಕು?

ಎರಡು ದಿನದಲ್ಲಿ ತ್ರೀಡಿ ಪ್ರಿಂಟರಿನಲ್ಲಿ ಅಚ್ಚಾದ ಪುಟ್ಟ ಗಾಡಿ ಬಂತು. ನಾಲ್ಕು ಚಕ್ರ, ಮೃದುವಾದ ಪಟ್ಟಿ, ಹಿಂದೆ ಕೆಂಪು ಸ್ಟಿಕ್ಕರ್. ಉದ್ಘಾಟನೆಗೆ ಹಾಲಿನಲ್ಲಿ ಎಂಟು ಜನ. ಎಲ್ಲರ ಕೈಯಲ್ಲೂ ಮೊಬೈಲು. ಖುಬಾನಿಯನ್ನು ಕೂರಿಸಿ ಬೆಲ್ಟ್ ಕಟ್ಟಿದೆವು. ಹೆದರಿದ ಪ್ರಾಣಿ ಮುಂಗಾಲಿನಿಂದ ಒಂದು ಸಲ ಒದ್ದುಕೊಂಡಿತು. ನಮ್ಮ ಕನ್ನಡಿಯಂಥ ನೆಲದ ಮೇಲೆ ಗಾಡಿ ಸುಯ್ಯನೆ ಹೋಗಿ ಟಿವಿ ಸ್ಟ್ಯಾಂಡಿಗೆ ಬಡಿದು, ತಿರುಗಿ, ಸೋಫಾ ಕೆಳಗೆ ಸೇರಿಕೊಂಡಿತು. ಒಳಗಿನಿಂದ ಕೀಂ ಕೀಂ ಎಂಬ ಅಳು.

"ಸ್ಪೀಡ್ ಬಾಗುಂದಿ" ಎಂದ ಶ್ರೀಧರ್. ಸ್ಪೀಡ್ ಚೆನ್ನಾಗಿದೆಯಂತೆ. ಮುಂದಿನ ಮಾದರಿಗೆ ಬ್ರೇಕ್ ಹಾಕುವುದಾಗಿ ಹೇಳಿ ಹೋದ.

ಅವ್ವ ತನ್ನ ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತು ಇದನ್ನೆಲ್ಲ ನೋಡಿದಳು. "ಪಾಪ, ಆ ಇಲಿ ಜೀವ ಯಾಕ ತಿಂತೀರಿ?" ಎಂದಳು. ಗೋಡೆ ಹಿಡಿದುಕೊಂಡೇ ಒಳಗೆ ಹೋದಳು.

ಅವ್ವನ ಬಗ್ಗೆಯೂ ನನಗೊಂದು ದೂರಿತ್ತು, ಹೇಳಿಬಿಡುತ್ತೇನೆ. ನಮ್ಮ ಆಫೀಸಿನಲ್ಲಿ ಈ ತಿಂಗಳು ಕುಟುಂಬ ಸಮೇತ ಹೆಜ್ಜೆ ಎಣಿಸುವ ಸ್ಪರ್ಧೆ. ಮನೆಮಂದಿಗೆಲ್ಲ ಕೈಗೆ ಕಟ್ಟುವ ಬ್ಯಾಂಡ್ ಕೊಟ್ಟಿದ್ದಾರೆ. ಯಾರು ಎಷ್ಟು ನಡೆದರು ಎಂಬುದು ನನ್ನ ಫೋನಿನಲ್ಲಿ ಕಾಣುತ್ತದೆ. ಅವ್ವನದು ದಿನಕ್ಕೆ ಇನ್ನೂರು ಹೆಜ್ಜೆ ದಾಟುತ್ತಿರಲಿಲ್ಲ. ಹಾಸಿಗೆಯಿಂದ ಬಚ್ಚಲು, ಬಚ್ಚಲಿಂದ ಕುರ್ಚಿ. ಹಿಮಾಯತ್‌ನಗರದಲ್ಲಿ ಇಡೀ ದಿನ ಬುಗುರಿಯಂತೆ ತಿರುಗುತ್ತಿದ್ದ ಹೆಂಗಸು! "ಅವ್ವಾ, ಕುಂತ್ರ ಮೊಣಕಾಲು ಹಿಡೀತಾವ, ಒಂದೀಟು ಅಡ್ಡಾಡು" ಎಂದು ದಿನಾ ಭಾಷಣ ಮಾಡುತ್ತಿದ್ದೆ. "ಹೂಂ ತಮ್ಮಾ" ಎನ್ನುತ್ತಿದ್ದಳು. ಕೂತೇ ಇರುತ್ತಿದ್ದಳು. ವಯಸ್ಸು, ಸೋಮಾರಿತನ, ಟಿವಿ ಧಾರಾವಾಹಿ. ನನ್ನ ರೂಟ್ ಕಾಸ್ ಅನಾಲಿಸಿಸ್ ಅಲ್ಲಿಗೆ ಮುಗಿದಿತ್ತು.

ಇತ್ತ ಖುಬಾನಿ ದಿನೇ ದಿನೇ ಇಳಿಯಿತು. ಊಟ ಬಿಡಲಿಲ್ಲ, ಆದರೆ ಅಲುಗಾಡುವುದನ್ನೇ ಬಿಟ್ಟಿತು. ತೊಡೆ ಮುಟ್ಟಿದರೆ ಮೂಳೆ ಸಿಗುತ್ತಿತ್ತು. ಆಗ ಗ್ರೂಪಿನಲ್ಲಿ ಒಬ್ಬ ಪುಣ್ಯಾತ್ಮರು, 'ನೋವು ಹೆಚ್ಚಾಗುವ ಮೊದಲು ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವುದೇ ಕರುಣೆ' ಎಂದು ಬರೆದರು. ಕೆಳಗೆ ಹನ್ನೊಂದು ಜನ ಕೈ ಮುಗಿದ ಚಿತ್ರ ಹಾಕಿದರು. ನನ್ನ ಫೋನು ಟೇಬಲ್ ಮೇಲಿತ್ತು. ಚಿನ್ಮಯಿ ಓದಿಬಿಟ್ಟಳು.

ಅಂದು ಅವಳು ಶಾಲೆಗೆ ಹೋಗಲಿಲ್ಲ. ಖುಬಾನಿಯನ್ನು ಮಡಿಲಲ್ಲಿಟ್ಟುಕೊಂಡು ಅವ್ವನ ಕೋಣೆಯಲ್ಲಿ ಕೂತಳು. "ನಡೆಯೋಕೆ ಬರಲ್ಲ ಅಂದ್ರೆ ಸಾಯಿಸ್ತಾರಾ ಅಜ್ಜಿ?" ಎಂದು ಕೇಳಿದಳಂತೆ. ಅವ್ವ ಏನು ಹೇಳಿದಳೋ ಗೊತ್ತಿಲ್ಲ. ನನ್ನನ್ನು ಕರೆದು ಮಾತ್ರ ಸ್ಪಷ್ಟವಾಗಿ ಹೇಳಿದಳು: "ಹಿಮಾಯತ್‌ನಗರದಾಗ ನಮ್ಮ ಗಲ್ಲಿ ತುದಿಗೆ ದನದ ಡಾಕ್ಟರ್ ಸಾಹೇಬ್ರು ಅದಾರಲ್ಲ, ಅವರ ಕಡೆ ನಡಿ. ನಾನೂ ಬರ್ತೀನಿ."

ನನಗೆ ಮನಸ್ಸಿರಲಿಲ್ಲ. ಗಚ್ಚಿಬೌಲಿಯಲ್ಲಿ ಕಾಫಿ ಕೊಡುವ ಪ್ರಾಣಿ ಕ್ಲಿನಿಕ್ಕುಗಳಿರುವಾಗ ಹಿಮಾಯತ್‌ನಗರಕ್ಕೆ ಹೋಗುವುದೇ? ಆದರೆ ಫೋನ್ ಮಾಡಿದರೆ ಗಚ್ಚಿಬೌಲಿಯವರು ನಾಯಿ ಬೆಕ್ಕು ಮಾತ್ರ ನೋಡುತ್ತಾರಂತೆ. ಹಾಗಾಗಿಯೇ ಆ ರಜೆ.

ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ. ಅವ್ವನ ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಖುಬಾನಿ. ಕಾರು ನಿಂತದ್ದೇ ತಡ, ಅವ್ವ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾಲ್ಕು ಮೆಟ್ಟಿಲು ಹತ್ತಿ ಒಳಗೆ ಹೋಗಿಯೇಬಿಟ್ಟಳು. ನಾನೂ ಚಿನ್ಮಯಿಯೂ ಅವಳ ಹಿಂದೆ ಓಡಬೇಕಾಯಿತು. ಹಳೆಯ ಜಾಗ ನೋಡಿ ಹುರುಪು ಬಂದಿದೆ ಅಂದುಕೊಂಡೆ. ನಾನು ಎಂಥ ಜಾಣ ನೋಡಿ.

ಡಾಕ್ಟರರಿಗೆ ಎಪ್ಪತ್ತರ ಹತ್ತಿರ. ನಾನು ಫೋನು ತೆಗೆದು ಗಾಡಿಯ ವಿಡಿಯೊ ತೋರಿಸಲು ಹೋದೆ. "ನಕೋ ಸಾಬ್, ಜಾನ್ವರ್ ದಿಖಾವ್" ಎಂದರು. ವಿಡಿಯೊ ಬೇಡ, ಪ್ರಾಣಿ ತೋರಿಸಿ. ಬುಟ್ಟಿಯಿಂದ ಎತ್ತಿ ಟೇಬಲ್ ಮೇಲಿಡಲಿಲ್ಲ. ಮೂಲೆಯಲ್ಲಿ ಹಾಸಿದ್ದ ಗೋಣಿತಾಟಿನ ಮೇಲೆ ಬಿಟ್ಟರು. ಸುಮ್ಮನೆ ಕೂತರು.

ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಖುಬಾನಿ ಮೂಸಿತು. ಒಂದು ಕಾಲು ಒಳಗೆ ಎಳೆದುಕೊಂಡಿತು. ಇನ್ನೊಂದು ಕಾಲು. ನಡುಗುತ್ತಾ, ಸೊಟ್ಟಗೆ, ಆರೇಳು ಹೆಜ್ಜೆ ನಡೆದು ಅವ್ವನ ಸೀರೆಯ ನೆರಿಗೆಯಲ್ಲಿ ಮುಖ ತೂರಿಸಿತು.

ಚಿನ್ಮಯಿ ಬಾಯಿ ಮುಚ್ಚಿಕೊಂಡಳು. ನಾನು ಫೋನು ಜೇಬಿಗಿಟ್ಟೆ.

"ಘರ್ ಮೆ ಫರ್ಶ್ ಕೈಸಾ ಹೈ?" ಮನೆಯಲ್ಲಿ ನೆಲ ಎಂಥದು ಎಂದು ಡಾಕ್ಟರರು ಕೇಳಿದರು.

"ವಿಟ್ರಿಫೈಡ್ ಟೈಲ್ಸ್, ಡಾಕ್ಟರ್ ಸಾಬ್. ಫುಲ್ ಪಾಲಿಶ್. ಮುಖ ಕಾಣುತ್ತೆ" ಎಂದೆ. (ಆ ಹೊತ್ತಿನಲ್ಲೂ ನನ್ನ ದನಿಯಲ್ಲಿ ಹೆಮ್ಮೆ ಇತ್ತು.)

"ತೋ ಮೂಂ ದೇಖೋ. ಚಲನಾ ಕೈಕು?" ಎಂದರು. ಹಾಗಾದರೆ ಮುಖ ನೋಡಿಕೊಳ್ಳಿ, ನಡೆಯುವುದೇಕೆ?

ವಿಷಯ ಇಷ್ಟೇ. ಉಗುರು ಬೆಳೆದಿವೆ. ಪ್ಯಾಕೆಟಿನ ಒಣ ಆಹಾರವೊಂದನ್ನೇ ತಿನ್ನಿಸಿದ್ದೇವೆ. ಈ ಪ್ರಾಣಿಗೆ ವಿಟಮಿನ್ ಸಿ ದಿನಾ ಹೊರಗಿನಿಂದಲೇ ಸಿಗಬೇಕು, ಪೊಟ್ಟಣ ಹಳತಾದರೆ ಅದರಲ್ಲಿ ಉಳಿಯುವುದಿಲ್ಲ. ಅದಿಲ್ಲದೆ ಕೀಲು ನೋಯುತ್ತವೆ. ನೋವಿನ ಕಾಲಿಗೆ ಜಾರುವ ನೆಲ. ಒಂದೆರಡು ಸಲ ಜಾರಿದೆ, ಹೆದರಿದೆ, ನಡೆಯುವುದು ಬಿಟ್ಟಿದೆ. ನಡೆಯದೆ ಕಾಲು ಇನ್ನೂ ಸೊರಗಿದೆ. ಉಗುರು ಕತ್ತರಿಸಿ, ವಿಟಮಿನ್ ಹನಿ ಬರೆದುಕೊಟ್ಟು, ದೊಣ್ಣೆ ಮೆಣಸಿನಕಾಯಿ, ಪೇರಲ, ಕೊತ್ತಂಬರಿ ಹಾಕಿ ಎಂದರು. ನೆಲಕ್ಕೆ ಜಾರದಂಥದ್ದೇನಾದರೂ ಹಾಸಬೇಕು.

ಕೊತ್ತಂಬರಿ! ಅವ್ವ ಸೊಪ್ಪು ಸೋಸುವಾಗ ಎರಡು ಕಡ್ಡಿ ಪಂಜರಕ್ಕೆ ಹಾಕಲು ಹೋದರೆ, "ಹಂಗೆಲ್ಲ ಹಾಕಬ್ಯಾಡ, ಪ್ಯಾಕೆಟ್ ಮ್ಯಾಲ ಸಂಪೂರ್ಣ ಆಹಾರ ಅಂತ ಬರದೈತಿ" ಎಂದು ಕಿತ್ತುಕೊಂಡವನು ನಾನೇ. ಅವ್ವ ನನ್ನ ಕಡೆ ನೋಡಲಿಲ್ಲ. ನೋಡದೆಯೇ ಹೇಳಬೇಕಾದ್ದು ಹೇಳಿದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಕೇಳಿ ಬೆಳೆದವನು ನಾನು. ನೆಲವೇ ಡೊಂಕಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಅಂದೇ ಅಡಿಯಲ್ಲಿ ರಬ್ಬರ್ ಇರುವ ಮ್ಯಾಟುಗಳನ್ನು ತಂದೆವು. ಹಾಲಿನಿಂದ ಅಡುಗೆಮನೆ, ಅಲ್ಲಿಂದ ಅವ್ವನ ಕೋಣೆಯ ಮುಂದಾಗಿ ಬಾಲ್ಕನಿಯವರೆಗೆ ಖುಬಾನಿಗೆಂದೇ ಒಂದು ರಸ್ತೆ. ನನ್ನ ಹೊಳೆಯುವ ನೆಲ ಅರ್ಧ ಮುಚ್ಚಿಹೋಯಿತು. ವೀಣಾ ನಿಟ್ಟುಸಿರು ಬಿಟ್ಟಳು, ಚಿನ್ಮಯಿ ಚಪ್ಪಾಳೆ ತಟ್ಟಿದಳು. ಬ್ರೇಕ್ ಹಾಕಿದ ಹೊಸ ಗಾಡಿ ತಂದ ಶ್ರೀಧರನ ಮುಖ ಮಾತ್ರ ಬಾಡಿತು. ರೋಗಿ ಹುಷಾರಾಗುತ್ತಿದ್ದಾನೆ ಎಂಬ ಸುದ್ದಿಗೆ ಗ್ರೂಪಿನಲ್ಲೂ ಅಷ್ಟೇನೂ ಉತ್ಸಾಹ ಕಾಣಲಿಲ್ಲ. ಸ್ಟ್ಯಾಂಡ್-ಅಪ್ ಮೀಟಿಂಗ್ ನಿಂತಿತು, ಖುಬಾನಿ ನಡೆಯತೊಡಗಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು.

ಎರಡು ವಾರದ ನಂತರ ಆಫೀಸಿನಲ್ಲಿ ಕೂತು ಹೆಜ್ಜೆಗಳ ಲೆಕ್ಕ ನೋಡಿದೆ. ಅವ್ವನ ಹೆಸರಿನ ಮುಂದೆ ಮೂರು ಸಾವಿರದ ಮೇಲೆ! ಬ್ಯಾಂಡ್ ಕೆಟ್ಟಿದೆ ಅಂದುಕೊಂಡೆ. ಮರುದಿನ ನೋಡಿದರೆ ನಾಲ್ಕು ಸಾವಿರ. ಮನೆಗೆ ಫೋನ್ ಮಾಡಿ, "ಚಿನ್ನೂ, ಅಜ್ಜಿಯ ಬ್ಯಾಂಡ್ ಖುಬಾನಿಗೆ ಕಟ್ಟಿದ್ದೀಯಾ?" ಎಂದು ಗದರಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಗುವುದೇನು ಬಂತು? ನನಗೆ ಅನುಮಾನ ಬರಬಹುದಾದ ಎಲ್ಲ ಕಡೆಯೂ ಬಂತು, ಅವ್ವ ನಡೆದಿರಬಹುದು ಎಂಬ ಒಂದು ಕಡೆ ಬಿಟ್ಟು.

ಅಂದು ಸಂಜೆ ಬೇಗ ಬಂದೆ. ಬಾಗಿಲು ತೆರೆದರೆ ಮ್ಯಾಟಿನ ರಸ್ತೆಯಲ್ಲಿ ಮೆರವಣಿಗೆ. ಮುಂದೆ ಅವ್ವ, ಕೈಯಲ್ಲಿ ಕೊತ್ತಂಬರಿ ಕಡ್ಡಿ. ಹಿಂದೆ ಕಡ್ಡಿಗೆ ಮೂಗೊಡ್ಡಿಕೊಂಡು ಖುಬಾನಿ. ಬಾಲ್ಕನಿಗೆ ಹೋಗಿ ತಿರುಗಿ ಅಡುಗೆಮನೆಗೆ. ಅವ್ವ ಗೋಡೆ ಹಿಡಿದಿರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಅವ್ವ ಈ ಮನೆಯಲ್ಲಿ ಕೈ ಬೀಸಿ ನಡೆಯುವುದನ್ನು ನೋಡಿದೆ.

"ಅವ್ವಾ, ನಿನ್ನ ಮೊಣಕಾಲು?"

"ಮೊಣಕಾಲಿಗೇನಾಗೈತಿ? ಬಂದ ಹೊಸದಾಗ ಬಚ್ಚಲ ಮುಂದ ಎರಡು ಸಲ ಜಾರಿ ಬಿದ್ದಿದ್ದೆ. ನೀವಿಬ್ಬರೂ ಆಫೀಸಿನಾಗ ಇದ್ರಿ. ಆಮ್ಯಾಲ ಹೆದರಿಕಿ ಆತು. ಈಗ ಮ್ಯಾಟು ಹಾಸೀರಲ್ಲ, ಭಾಳ ಚಲೋ ಆಗೈತಿ."

ಇಲಿಗೆ ಹಾಸಿದ್ದು. ಇಲಿಗೆ ಮೂವತ್ತು ಜನರ ಗ್ರೂಪ್, ತ್ರೀಡಿ ಗಾಡಿ, ರಜೆ, ಡಾಕ್ಟರು. ಅವ್ವನಿಗೆ? ಒಂದು ಬ್ಯಾಂಡು ಮತ್ತು ದಿನಕ್ಕೊಂದು ಭಾಷಣ. ನಾಚಿಕೆಯಾಯಿತು. ನಾಚಿಕೆಯಾದಾಗ ನಮ್ಮಂಥವರು ಮಾಡುವುದನ್ನೇ ಮಾಡಿದೆ, ತಪ್ಪನ್ನು ಎದುರಿನವರ ಮೇಲೆ ಹಾಕಿದೆ.

"ಜಾರತೈತಿ ಅಂತ ನೀ ಒಂದು ಮಾತು ಹೇಳಬಾರದಿತ್ತೇನವ್ವಾ?"

ಅವ್ವ ಮೆಲ್ಲಗೆ ಬಾಗಿ ಕಡ್ಡಿಯನ್ನು ಖುಬಾನಿಯ ಬಾಯಿಗೆ ಕೊಟ್ಟು, ನೆಟ್ಟಗೆ ನಿಂತು ನನ್ನ ಮುಖ ನೋಡಿದಳು.

"ಈ ಇಲಿ ಹೇಳಿತ್ತೇನು, ತಮ್ಮಾ?"