ಗುರುಸಿದ್ದಮ್ಮ ಕುಡಿದ ಕಾಫಿ

ಇಂದ್ರಾಣಿ ತೀರಿಕೊಂಡಳು. ಎರಡು ಸಾವಿರದ ಏಳರ ಜನವರಿ, ಒಂದು ಸೋಮವಾರದ ಬೆಳಗಿನ ಜಾವ, ತನ್ನ ಮನೆಯಲ್ಲೇ. ಕಿಡ್ನಿ ಎರಡೂ ಕೆಟ್ಟಿದ್ದವು. ನಂಜನಗೂಡಿನ ಆಸ್ಪತ್ರೆಯವರು ಮೈಸೂರಿಗೆ ಬರೆದುಕೊಟ್ಟಿದ್ದರು, ಮೈಸೂರಿನವರು ಮನೆಗೆ ಕಳಿಸಿದ್ದರು.

ಕವಲಂದೆಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನಲ್ಲಿ ಅವಳು ಅಂಗನವಾಡಿ ಸಹಾಯಕಿ. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಮೂಗು ಒರೆಸುವುದು, ಕುಂಡಿ ತೊಳೆಯುವುದು, ಆಮೇಲೆ ಉಪ್ಪಿಟ್ಟು ಮಾಡಿ ಬಡಿಸುವುದು. ಮೇಲಿನ ಬೀದಿಯವರಿಗೆ ಅವಳ ಕೈ ಕುಂಡಿ ತೊಳೆಯುವುದಕ್ಕೆ ಆಗುತ್ತಿತ್ತು, ಉಪ್ಪಿಟ್ಟು ಬಡಿಸುವುದಕ್ಕೆ ಆಗುತ್ತಿರಲಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಆ ಬೀದಿಯ ಅಜ್ಜಿಯರು ಬಂದು, ‘ಮಗೀಗೆ ಒಟ್ಟೆ ಸರಿಯಿಲ್ಲ ಕಣಮ್ಮಿ’ ಎಂದು ಮೊಮ್ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಹೊರಡುತ್ತಿದ್ದರು.

‘ಆ ಬೀದಿ ಮಕ್ಳ ಒಟ್ಟೆ ದಿನಾ ಅನ್ನೊಂದು ಗಂಟೆಗೇ ಕೆಡ್ತದೆ ಕಣ್ರವ್ವ, ಯಾವ್ ಡಾಕ್ಟ್ರುಗೂ ಗೊತ್ತಿಲ್ಲ ಈ ಕಾಯ್ಲೆ’ ಎಂದು ಇಂದ್ರಾಣಿ ಕೇರಿಗೆ ಬಂದು ನಗಿಸುತ್ತಿದ್ದಳು. ನಗಿಸುವುದರಲ್ಲಿ ಗಟ್ಟಿಗಿತ್ತಿ. ಪಟೇಲರ ಮನೆಯ ಗುರುಸಿದ್ದಮ್ಮ ಸೆರಗು ಎತ್ತಿಹಿಡಿದು ಕೇರಿಯ ತಿರುವು ದಾಟುವುದನ್ನು ಅವಳು ನಡೆದು ತೋರಿಸಿದರೆ, ಸೌದೆ ಹೊತ್ತವರು ಹೊರೆ ಇಳಿಸಿ ನಗುತ್ತಿದ್ದರು.

ಎರಡು ಸಾವಿರದ ಒಂದರಲ್ಲಿ ಕೃಷ್ಣ ಬಂದ. ಅದೇ ಕೇರಿಯವನು, ತಿ. ನರಸೀಪುರದಲ್ಲಿ ವಕೀಲ. ಆ ವರ್ಷ ಆಫ್ರಿಕಾದ ಡರ್ಬನ್ನಿನಲ್ಲಿ ಜನಾಂಗಭೇದದ ವಿರುದ್ಧ ಪ್ರಪಂಚದ ದೇಶಗಳೆಲ್ಲ ಸೇರುವುದಿತ್ತು. ಜಾತಿ ನಮ್ಮ ಮನೆಯ ವಿಷಯ, ಅದರ ಮಾತು ಅಲ್ಲಿ ಬೇಡ ಎಂದು ನಮ್ಮ ಸರ್ಕಾರ ಪಟ್ಟು ಹಿಡಿದಿತ್ತು. ಬೇಕೇಬೇಕು ಎನ್ನುವವರ ಒಂದು ತಂಡ ಊರೂರಿಗೆ ಹೋಗಿ ಜನರ ಹೇಳಿಕೆ ಕೇಳುತ್ತಿತ್ತು. ಅದರಲ್ಲಿ ಹೊರದೇಶದವರು ಇಬ್ಬರಿದ್ದರು.

‘ಹುಟ್ಟು ನೋಡಿ ಯಾರನ್ನೂ ಕೀಳು ಮಾಡಲ್ಲ ಅಂತ ದೇಶಗಳೆಲ್ಲ ಸೇರಿ ಒಪ್ಪಂದ ಮಾಡ್ಕಂಡವೆ ಅಕ್ಕ. ನಮ್ ದೇಶನೂ ಅದ್ಕೆ ಸೈನ್ ಹಾಕಿದೆ. ಹಾಕಿದ ಮೇಲೆ ಜಿನೀವಾದಲ್ಲಿ ಒಂದು ಕಮಿಟಿ ಮುಂದೆ ಆಗಾಗ ಉತ್ತರ ಕೊಡ್ಬೇಕು’ ಎಂದ ಕೃಷ್ಣ.

‘ಯಾರು, ದೇಶನಾ?’

‘ದೇಶನೇ.’

‘ಅಂದ್ರೆ ದೇಶಗಳ್ಗೂ ಪಂಚಾಯ್ತಿ ಅದೆ ಅನ್ನು. ಅಲ್ಲಿ ನಮ್ಮೋರು ಒರಗಡೆ ನಿಂತ್ಕಬೇಕೊ, ಕೂರ್ಬೋದೊ?’

‘ಕುರ್ಚಿ ಹಾಕಿರ್ತಾರಕ್ಕ.’

‘ಅಂಗಾದ್ರೆ ಮಾತಾಡ್ತೀನಿ ಬಿಡು.’

ಕೇರಿಯಿಂದ ಮೊದಲು ಇಂದ್ರಾಣಿ, ಅವಳ ಹಿಂದೆ ಉಳಿದ ಹೆಂಗಸರು ಎಂದು ತೀರ್ಮಾನವಾಯಿತು. ಸುದ್ದಿ ಮೇಲಿನ ಬೀದಿಗೂ ಮುಟ್ಟಿತು. ಪಟೇಲರ ಜಗಲಿಯಲ್ಲಿ ಗಂಡಸರು ಸೇರಿದರು. ಅಲ್ಲಿ ಬೈಗುಳವಾಗಲಿ ಬೆದರಿಕೆಯಾಗಲಿ ಏಳಲಿಲ್ಲ. ಹೊರಗಿನವರ ಮುಂದೆ ಊರ ಮಾನ ಹೋಗಬಾರದು ಎಂದಷ್ಟೇ ಮಾತಾಯಿತು. ತಂಡದವರು ಕೂರಲೆಂದು ಪಟೇಲರ ಮನೆಯಿಂದಲೇ ಜಮಖಾನ ಬಂತು.

ಆ ದಿನ ಅಂಗನವಾಡಿಯ ಅಂಗಳದಲ್ಲಿ ಇಂದ್ರಾಣಿ ಎಲ್ಲರಿಗೂ ಕಾಫಿ ಮಾಡಿದಳು. ಲೋಟಗಳನ್ನು ಹಂಚುತ್ತಿದ್ದಾಗ ಗುರುಸಿದ್ದಮ್ಮ ಬಂದರು. ಬಂದವರು ಕೇರಿಯ ಹೆಂಗಸರ ಪಕ್ಕದಲ್ಲೇ ಜಮಖಾನದ ಮೇಲೆ ಕೂತು ಕೈ ಚಾಚಿದರು.

‘ನಂಗೂ ಒಂದ್ಲೋಟ ಕೊಡು ಇಂದ್ರಾಣಿ.’

ಇಂದ್ರಾಣಿ ಲೋಟವನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಗುರುಸಿದ್ದಮ್ಮ ಎತ್ತಿ ಬಾಯಿಗೆ ಸುರಿದುಕೊಳ್ಳಲಿಲ್ಲ, ಲೋಟವನ್ನು ತುಟಿಗಿಟ್ಟೇ ಕುಡಿದರು. ‘ಸಕ್ರೆ ಒಸಿ ಮುಂದಾಯ್ತು’ ಎಂದರು. ಪೇಪರಿನವನೊಬ್ಬ ಫೋಟೋ ತೆಗೆದ.

ಹೊರದೇಶದ ಹೆಂಗಸು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಕೃಷ್ಣ ಅದನ್ನು ಕನ್ನಡದಲ್ಲಿ ಹೇಳಿದ: ‘ನೀವು ಮಾಡಿದ್ದನ್ನ ಊರಿನೋರೆಲ್ಲ ತಿಂತಾರ, ಕುಡೀತಾರ?’

ಇಂದ್ರಾಣಿ ಗುರುಸಿದ್ದಮ್ಮನ ಕಡೆ ನೋಡಿದಳು. ಲೋಟ ಇನ್ನೂ ಅವರ ಕೈಯಲ್ಲೇ ಇತ್ತು.

‘ಕುಡೀತಾರೆ’ ಎಂದಳು. ‘ನಮ್ಮೂರಲ್ಲಿ ಅಂತದ್ದೇನೂ ಇಲ್ಲ.’

ಕೃಷ್ಣ ಅವಳು ಹೇಳಿದ್ದನ್ನು ಹೇಳಿದಂತೆಯೇ ಇಂಗ್ಲಿಷಿಗೆ ತಿರುಗಿಸಿದ. ಅವಳ ಹಿಂದೆ ಮಾತಾಡಬೇಕಿದ್ದ ಹೆಂಗಸರು ಬಾಯಿ ಬಿಡಲಿಲ್ಲ.

ಹೆದರಿ ಹಾಗೆ ಹೇಳಿದಳು ಎಂದು ಕೇರಿಯಲ್ಲಿ ಮಾತಾಯಿತು. ಹೆದರಿಕೆಯಲ್ಲ. ‘ನನ್ ಕೈಯಿಂದ ಈಸ್ಕಂಡು ಕುಡುದ್ರಲ್ಲ. ಬಾಯಲ್ಲಿ ನನ್ ಕಾಫಿ ಇದ್ದಂಗೇ ಅವ್ರ ಮೇಲೆ ಎಂಗೆ ದೂರು ಕೊಡ್ಲಿ’ ಎಂದು ಅವಳೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಬಂದವರ ಮುಂದೆ ಕುಡಿದವರ ಮುಖ ಉಳಿಸುವುದು ಅವಳಿಗೆ ಮರ್ಯಾದೆ ಎನಿಸಿತು. ಆ ಎಣಿಕೆ ಸಂಜೆಯವರೆಗೂ ಬಾಳಲಿಲ್ಲ.

ಸಂಜೆ ಜಮಖಾನ ಹಿಂದಿರುಗಿಸಲು ಪಟೇಲರ ಹಿತ್ತಲಿಗೆ ಹೋದಳು. ಗುರುಸಿದ್ದಮ್ಮ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲು ಹಿಂಡುತ್ತಿದ್ದರು. ಬಾಗಿಲಿಗೆ ನೀರು ಚೆಲ್ಲಿತ್ತು. ‘ಆ ಕಲ್ ಮೇಲೇ ಬಿಸಾಕು, ನೀರು ಚಿಮುಕ್ಸಿ ತಕ್ಕತ್ತೀನಿ’ ಎಂದರು. ಬೆಳಿಗ್ಗೆ ‘ಇಂದ್ರಾಣಿ’ ಎಂದು ಕರೆದಿದ್ದ ಬಾಯಿ ಅದೇ. ಮಾರನೆಯ ದಿನ ಹನ್ನೊಂದು ಗಂಟೆಗೆ ಮೇಲಿನ ಬೀದಿಯ ಮಕ್ಕಳಿಗೆಲ್ಲ ಮತ್ತೆ ಹೊಟ್ಟೆ ಕೆಟ್ಟಿತು.

ಪೇಪರಿನಲ್ಲಿ ಫೋಟೋ ಬಂತು: ಗುರುಸಿದ್ದಮ್ಮನ ಕೈಯಲ್ಲಿ ಲೋಟ, ಪಕ್ಕದಲ್ಲಿ ನಗುತ್ತ ನಿಂತ ಇಂದ್ರಾಣಿ, ಕೆಳಗೆ ‘ಸಾಮರಸ್ಯದ ಊರು’. ಪಂಚಾಯ್ತಿಯವರು ಅದಕ್ಕೆ ಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದರು. ಅಂಗನವಾಡಿಯ ಬೀಗದಕೈ ಇರುತ್ತಿದ್ದುದು ಅದೇ ಗೋಡೆಯ ಮೊಳೆಯಲ್ಲಿ. ಬೆಳಿಗ್ಗೆ ಬೀಗದಕೈ ತೆಗೆದುಕೊಳ್ಳುವಾಗ, ಮಧ್ಯಾಹ್ನ ಇಡುವಾಗ, ತನ್ನ ನಗುಮುಖವನ್ನು ತಾನೇ ನೋಡಬೇಕಾಗುತ್ತಿತ್ತು. ಕೊನೆಕೊನೆಗೆ ತಲೆ ಎತ್ತದೆ ಗೋಡೆ ತಡಕಿ ಬೀಗದಕೈ ಹುಡುಕುತ್ತಿದ್ದಳು.

‘ಏನವ್ವ, ಒಂದ್ಲೋಟ ಕಾಫಿಗೆ ಕೇರಿನೇ ಮಾರ್ಬುಟ್ಟೆ’ ಎಂದು ಕೇರಿಯ ಪಾಪಮ್ಮ ಬೋರಿನ ಹತ್ತಿರ ಚುಚ್ಚಿದಾಗ, ‘ಮಾರ್ದೋಳ್ಗೆ ಏನಾರ ಸಿಕ್ತದೆ ಕಣವ್ವ. ನಾನು ಕಾಫಿಪುಡಿನೂ ನಂದೇ ಆಕಿದ್ದೆ’ ಎಂದಳು. ನಗಿಸಲೆಂದೇ ಹೇಳಿದ್ದು. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ. ಅವತ್ತಿನಿಂದ ಗುರುಸಿದ್ದಮ್ಮನ ನಡಿಗೆಯನ್ನು ಅವಳು ನಡೆದು ತೋರಿಸಲಿಲ್ಲ. ಕೃಷ್ಣ ಊರಿಗೆ ಬಂದಾಗ ಎದುರಾಗದೆ ಹಿತ್ತಲಿಗೆ ಸರಿದುಬಿಡುತ್ತಿದ್ದಳು. ಅವನಾದರೂ ಒಂದು ಸಲ ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಆರು ವರ್ಷದ ಮೇಲೆ, ಹಾಸಿಗೆ ಹಿಡಿದಾಗ, ಜಿನೀವಾದ ಕಮಿಟಿ ನಮ್ಮ ದೇಶವನ್ನು ಮತ್ತೆ ಕೇಳಲಿದೆ ಎನ್ನುವುದು ಅವಳ ಕಿವಿಗೆ ಬಿತ್ತು. ಮಗಳು ಮಧುಶ್ರೀಯ ಕೈಲಿ ಕೃಷ್ಣನಿಗೆ ಹೇಳಿಕಳಿಸಿದಳು. ಆ ಭಾನುವಾರ ಅವನು ಟೇಪ್ ರೆಕಾರ್ಡರ್ ಹಿಡಿದು ಬಂದು ಹಾಸಿಗೆಯ ಪಕ್ಕ ಕೂತ. ಇಂದ್ರಾಣಿ ಸೂರು ನೋಡುತ್ತ ಮಲಗಿದ್ದಳು.

ಅಷ್ಟರಲ್ಲಿ ಬೀದಿಯಲ್ಲಿ ಗುರುಸಿದ್ದಮ್ಮ ಬಂದು ನಿಂತರು, ಕೈಯಲ್ಲಿ ಕಿತ್ತಲೆಹಣ್ಣಿನ ಚೀಲ. ಕೇರಿಯೊಳಕ್ಕೆ ಅವರು ಕಾಲಿಟ್ಟಿದ್ದು ಅದೇ ಮೊದಲು. ‘ನನ್ ಮೊಮ್ಮಕ್ಳನ್ನೆಲ್ಲ ಎತ್ತಾಡ್ಸಿದೋಳು, ಇಂಗಾಗೋಯ್ತಲ್ಲ’ ಎಂದು ಕಣ್ಣೊರೆಸಿಕೊಂಡರು. ಅದು ಸುಳ್ಳು ಅಳುವಲ್ಲ.

ಮಧುಶ್ರೀ ಬಾಗಿಲ ಮುಂದೆ ಕುರ್ಚಿ ಹಾಕಿದಳು. ಇಂದ್ರಾಣಿ ಗೋಡೆ ಹಿಡಿದು ಎದ್ದಳು. ಬೇಡವೆಂದರೂ ಕೇಳದೆ ಒಲೆಯ ಮುಂದೆ ಕೂತು ಒಂದು ಲೋಟ ಕಾಫಿ ಮಾಡಿ ಬಾಗಿಲಿಗೆ ತಂದಳು.

‘ಕುಡೀರಿ ಅಮ್ಮಾವ್ರೆ. ಸಕ್ರೆ ಕಮ್ಮಿ ಆಕಿವ್ನಿ. ಇವತ್ತು ಫೋಟೋದೋರಿಲ್ಲ.’

ಗುರುಸಿದ್ದಮ್ಮ ಲೋಟ ನೋಡಿದರು, ಬೀದಿ ನೋಡಿದರು.

‘ಈಗ ಬ್ಯಾಡ ಕಣಮ್ಮಿ. ಒಟ್ಟೆ ಸರಿಯಿಲ್ಲ.’

ಇಂದ್ರಾಣಿಗೆ ನಗು ಬಂತು. ಬಹಳ ವರ್ಷದ ಮೇಲೆ ಬಂದ ನಗು, ಕೆಮ್ಮಿನ ಜೊತೆ ಬೆರೆತು ಬಂತು. ಲೋಟವನ್ನು ಜಗಲಿಯ ಮೇಲಿಟ್ಟು ಅದರ ಪಕ್ಕ ಕೂತಳು. ‘ಕೃಷ್ಣ, ಆ ಟೇಪ ತಕ್ಕಂಡು ಬಾ ಇಲ್ಗೆ. ಅಮ್ಮಾವ್ರೆ, ನೀವೂ ಕೂತ್ಕಳಿ, ಓಗ್ಬ್ಯಾಡಿ’ ಎಂದಳು.

ಗುರುಸಿದ್ದಮ್ಮನಿಗೆ ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತರು. ಕೃಷ್ಣ ಟೇಪಿನ ಗುಂಡಿ ಒತ್ತಿದ.

‘ನನ್ನೆಸ್ರು ಇಂದ್ರಾಣಿ. ಅಂಗನವಾಡೀಲಿ ಅಡುಗೆ ಮಾಡೋಳು. ನಾನು ಮಾಡಿದ್ದನ್ನ ಈ ಊರ ಮೇಲಿನ ಬೀದಿಯೋರು ಮುಟ್ಟಲ್ಲ. ಆವತ್ತು ಅಂತದ್ದೇನೂ ಇಲ್ಲ ಅಂದಿದ್ದೆ. ಸುಳ್ಳು ಅದು. ಅದ್ಕೆ ನಂಗೆ ನಾಚ್ಕೆ ಆಗ್ತದೆ.’

ಡಾಕ್ಟರು ನೀರನ್ನೂ ಅಳತೆ ಮಾಡಿ ಕುಡಿಯಬೇಕೆಂದಿದ್ದರು. ಇಂದ್ರಾಣಿ ಪಕ್ಕದಲ್ಲಿದ್ದ ಲೋಟ ತೆಗೆದುಕೊಂಡಳು. ಕೆನೆಗಟ್ಟಿ ಆರಿಹೋಗಿದ್ದ ಕಾಫಿಯನ್ನು ತುಟಿಗಿಟ್ಟು, ತಳ ಕಾಣುವವರೆಗೂ ಕುಡಿದಳು.