ನಂಬರುಗಳಿಗೆ ಹೆಸರಿಟ್ಟ ಮಧ್ಯಾಹ್ನ

ಮೊನ್ನೆ ಒಂದು ಮದುವೆಯ ಕರೆಯೋಲೆ ಹುಡುಕುತ್ತ ಸ್ಪ್ಯಾಮ್ ಡಬ್ಬಿ ತೆರೆದೆ. ಬಾಗಿಲಲ್ಲೇ ತಡೆದು ನಿಲ್ಲಿಸಿದ ಅಷ್ಟೊಂದು ಪತ್ರಗಳನ್ನು ಕಂಡು, ಕಳಿಸಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತ ಕೂತೆ. ನಗಬೇಡಿ, ಒಂದು ಕಾಲಕ್ಕೆ ಆ ಬಾಗಿಲು ಕಾಯುವ ಕೆಲಸ ನನ್ನದೇ ಆಗಿತ್ತು.

ಎರಡು ಸಾವಿರದ ಆಸುಪಾಸು. ಬೆಳಗಾವಿಯ ಸಣ್ಣ ಇಂಟರ್‌ನೆಟ್ ಕಂಪನಿಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಕಸದ ಮೇಲ್ ತಡೆಯಲು ಒಂದು ಉಪಾಯವಿತ್ತು: ಪತ್ರ ತಂದ ಯಂತ್ರದ ನಂಬರು ಹಿಡಿದು, ಈ ನಂಬರಿಗೆ ಹೆಸರುಂಟೇ ಎಂದು ವಿಚಾರಿಸುವುದು. ಇಲ್ಲದಿದ್ದರೆ ಹೊರಗಿನಿಂದಲೇ ಸಾಗಹಾಕುವುದು. ಬೇರೆ ಊರಿನವರೂ ಅದನ್ನೇ ಶುರು ಮಾಡಿದಾಗ ನಮ್ಮ ಗಿರಾಕಿಗಳ ಪತ್ರಗಳೂ ವಾಪಸು ಬರತೊಡಗಿದವು. ನೋಡಿದರೆ, ಊರವರನ್ನೆಲ್ಲ ಹೆಸರು ಕೇಳುತ್ತಿದ್ದ ಈ ಜಾಣ ಗಿರಾಕಿಗಳು ಬಳಸುತ್ತಿದ್ದ ನಮ್ಮ ಅರವತ್ತು ನಂಬರುಗಳಿಗೆ ಹೆಸರೇ ಇಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಮಹಾಂತೇಶ ನಗರದ ಮನೆಯಲ್ಲಿ ಹಾಳೆ ಹಿಡಿದು ಕೂತೆ. ಹತ್ತು ಹೆಸರಿಗೇ ತಲೆ ಖಾಲಿಯಾಯಿತು. ಅಕ್ಕಿ ಆರಿಸುತ್ತಿದ್ದ ಅವ್ವ, "ನಾ ಹೇಳ್ತೀನಿ, ಬರ್ಕೋ" ಎಂದಳು. ಖಾನಾಪುರದಾಚೆಯ ಕಣಕುಂಬಿ ನಮ್ಮ ಊರು. ಅಲ್ಲಿಯ ಒಂದೊಂದೇ ಮನೆ ಹಿಡಿದು ಹೇಳುತ್ತ ಹೋದಳು: ಗಂಗವ್ವ, ಸಾತೇರಿ, ಹುಸೇನಸಾಬ... ಕೊನೆಯ ನಂಬರಿಗೆ ಮೊರ ಕೆಳಗಿಟ್ಟು, "ಪರಶುರಾಮ" ಎಂದಳು.

ಪರಶುರಾಮ ನನ್ನ ಅಣ್ಣ. ಗೋವಾದ ಗಣಿಗೆ ಲಾರಿ ಓಡಿಸಲು ಹೋದವನ ಸುದ್ದಿ ಏಳು ವರ್ಷದಿಂದ ಇರಲಿಲ್ಲ. "ಬಂದೇ ಬರ್ತಾನ" ಎಂದು ನಮಗೆಲ್ಲ ಧೈರ್ಯ ಹೇಳುತ್ತಿದ್ದವಳು ಅವ್ವನೇ. ಪ್ರೀತಿಗೆ ಅವನ ಹೆಸರು ಸೇರಿಸಿದಳು ಅಂದುಕೊಂಡೆ.

ಸೋಮವಾರ ಹೆಸರುಗಳನ್ನು ಏರಿಸಿದೆ. ಸರ್ವರಿನ ದಾಖಲೆಯಲ್ಲಿ ಸಾಲುಗಳು ಬೀಳತೊಡಗಿದವು. ಗಂಗವ್ವ ಬಂದಳು, ಪತ್ರ ಕೊಟ್ಟಳು, ಹೋದಳು. ಸಾತೇರಿ ಬಂದ, ಹೋದ. ಬರೆಯುವಾಗ ಹೊಳೆಯದ್ದು ಈಗ ಹೊಳೆಯಿತು. ಗಂಗವ್ವನ ಮಣ್ಣಿಗೆ ನಾನೇ ಹೋಗಿದ್ದೆ. ಸಾತೇರಿ ಹೊಳೆಯ ಪಾಲಾದವನು. ಅವ್ವ ಹೇಳಿದವರಲ್ಲಿ ಬದುಕಿದ್ದವರು ಒಬ್ಬರೂ ಸಿಗಲಿಲ್ಲ. ಹನ್ನೊಂದು ಗಂಟೆಗೆ ಪರಶುರಾಮ ಬಂದ. ಪೀರನವಾಡಿಯ ಯಾರೋ ಗಿರಾಕಿಯೆಂದು ಗೊತ್ತಿದ್ದೂ ಆ ಸಾಲಿನ ಮೇಲೆ ಬೆರಳಿಟ್ಟು ಕೂತೆ.

ಊಟಕ್ಕೆ ಮನೆಗೆ ಹೋದಾಗ ಕೇಳಿದೆ.

"ಬರೇ ಸತ್ತವರ ಹೆಸರು ಯಾಕ ಹೇಳಿದಿ, ಅವ್ವಾ?"

"ಜೀವಂತ ಇದ್ದವರನ್ನ ಯಂತ್ರದಾಗ ಯಾಕ ಕೂಡ್ಸೂದು?"

"ಮತ್ತ ಅಣ್ಣ?"

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಇವತ್ತ ಬಂದಿದ್ನೇನು?"

"ಬಂದಿದ್ದ."

"ಒಳಗ ಬಿಟ್ಟಿ?"

"ಬಿಟ್ಟೆ."

"ಛಲೋ ಆತು" ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಈಗ ಅವ್ವನೂ ಇಲ್ಲ, ಆ ಕಂಪನಿಯೂ ಇಲ್ಲ. ಮೊನ್ನೆ ಕರೆಯೋಲೆ ಸಿಕ್ಕಿದ ಮೇಲೂ ಆ ಪತ್ರಗಳನ್ನು ಅಳಿಸಲು ಮನಸ್ಸಾಗಲಿಲ್ಲ. ಅಣ್ಣ ಇಲ್ಲವೆಂಬುದನ್ನು ಎಷ್ಟು ವರ್ಷದಿಂದ ಒಬ್ಬಳೇ ಹೊತ್ತುಕೊಂಡು ಅವ್ವ ನಮಗೆಲ್ಲ "ಬರ್ತಾನ" ಎನ್ನುತ್ತಿದ್ದಳೋ, ನಾನು ಕೇಳಲೇ ಇಲ್ಲ.