ಟವರಿಗೆ ಹೇಳಬೇಕಿದ್ದ ಮೂರು ಮಾತು

ವಿಮಾನ ಹಾರಿಸುವುದನ್ನು ಕಲಿಯಲು ನಾನು ಹೋದದ್ದು ಆಕಾಶದ ಮೇಲಿನ ಪ್ರೀತಿಯಿಂದಲ್ಲ, ಪೇಪರಿನಲ್ಲಿ ಬಂದ ಒಂದು ಕೂಪನ್ನಿನಿಂದ. ಎಪ್ಪತ್ತರ ದಶಕದ ಆರಂಭ, ನ್ಯೂಜೆರ್ಸಿ. ಮೊದಲ ಪಾಠ ಐದೇ ಡಾಲರಿಗೆ.

“ಐದು ಡಾಲರಿಗೆ ಸಾಯೋಕೆ ಹೋಗ್ತೀರೇನ್ರೀ?” ಎಂದಳು ಹೆಂಡತಿ.

“ಹಾಗಲ್ಲ ಕಣೇ, ಕೂ-ಕೂ-ಕೂಪನ್ ಈ ತಿಂಗಳಿಗೇ ಮುಗಿದುಹೋಗುತ್ತೆ.”

ಹೌದು, ನಾನು ತೊದಲುತ್ತೇನೆ, ಚಿಕ್ಕಂದಿನಿಂದಲೂ. ಅಮ್ಮ ನನ್ನ ನಾಲಿಗೆಗೆ ತೇಯ್ದು ಸವರಿದ ಬಜೆಯನ್ನೆಲ್ಲ ಕೂಡಿಟ್ಟಿದ್ದರೆ ಒಂದು ಗ್ರಂದಿಗೆ ಅಂಗಡಿ ತೆರೆಯಬಹುದಿತ್ತು. ಮಾತು ಸರಿಹೋಗಲಿಲ್ಲ, ಕಹಿ ಅಭ್ಯಾಸವಾಯಿತು. ‘ಬ’ ಅಕ್ಷರ ನನಗೆ ಆಗಿಬರುವುದಿಲ್ಲ. ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಾದರೂ ಅಮೆರಿಕದಲ್ಲಿ ಯಾರು ಕೇಳಿದರೂ ಮೈಸೂರು ಎನ್ನುತ್ತಿದ್ದೆ. ನಾನು ದೇಶ ಬಿಟ್ಟಾಗ ನಮ್ಮ ರಾಜ್ಯದ ಹೆಸರೂ ಮೈಸೂರೇ ಆಗಿದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲ. ಹೀಗೆ ಸಿಕ್ಕಿಕೊಳ್ಳುವ ಪದ ಬಿಟ್ಟು ಪಕ್ಕದ ಪದ ಹಿಡಿದು ದಾಟಿಕೊಳ್ಳುವುದು ತೊದಲುವವರೆಲ್ಲ ಕಲಿತಿರುವ ವಿದ್ಯೆ.

ವ್ಯಾಪಾರದಲ್ಲಿ ತೊದಲು ನನಗೆ ನಷ್ಟ ಮಾಡಿದ್ದೇ ಇಲ್ಲ. ಮ್ಯಾನ್‌ಹಟನ್ನಿನ ಗಾರ್ಮೆಂಟ್ ಫ್ಯಾಕ್ಟರಿಗಳಿಂದ ಹಳೆಯ ಹೊಲಿಗೆ ಮಷೀನು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದೆ. ನಿಮ್ಮಲ್ಲಿ ಯಾರಾದರೂ ತೊದಲುವವರಿದ್ದರೆ ನನ್ನ ಸಲಹೆ ಕೇಳಿ: ಚೌಕಾಸಿ ಮಾಡುವಾಗ ಮಾತು ಸಿಕ್ಕಿಕೊಂಡರೆ ಗಾಬರಿಯಾಗಬೇಡಿ, ಎದುರಿನವನ ಮುಖವನ್ನೇ ನೋಡುತ್ತಿರಿ. ‘ಆಗಲಿ’ ಎನ್ನಲು ನಾನು ಒದ್ದಾಡುತ್ತಿದ್ದಾಗ ಎಷ್ಟೋ ಜನ ತಾವಾಗಿಯೇ ಬೆಲೆ ಇಳಿಸಿದ್ದಾರೆ.

ವಿಮಾನ ಕಲಿಸುವವನು ವಾರವಿಡೀ ಇನ್ಶೂರೆನ್ಸ್ ಮಾರುತ್ತಿದ್ದ ಆಸಾಮಿ. ಶನಿವಾರ, ಭಾನುವಾರ ನನ್ನ ಪಕ್ಕದ ಸೀಟು. ಎಂಜಿನ್ನಾದರೂ ಎಂದೋ ಒಮ್ಮೆ ಕೆಮ್ಮಿ ನಿಂತೀತು, ಅವನ ಬಾಯಿ ನಿಲ್ಲುತ್ತಿರಲಿಲ್ಲ. ನನಗೆ ಅದೇ ಅನುಕೂಲ. ಕೈಕಾಲು ಆಡಿಸಿದರೆ ಸಾಕು, ಉತ್ತರ ಕೊಡಬೇಕಿಲ್ಲ. ನಮ್ಮ ಪುಟ್ಟ ಫೀಲ್ಡಿನಲ್ಲಿ, ಏರಲು ಇಳಿಯಲು ರೇಡಿಯೋದಲ್ಲಿ ಅಪ್ಪಣೆ ಕೊಡುವ ಟವರೂ ಇರಲಿಲ್ಲ. ಸುತ್ತಮುತ್ತ ನೋಡಿಕೊಂಡು ಏರುವುದು, ಸುತ್ತಮುತ್ತ ನೋಡಿಕೊಂಡು ಇಳಿಯುವುದು. ಮೊದಲ ಬಾರಿ ಒಬ್ಬನೇ ಹಾರಿದ ದಿನ, ಇಷ್ಟು ನೆಮ್ಮದಿಯ ಜಾಗ ಭೂಮಿಯ ಮೇಲೆ ನನಗೆ ಸಿಕ್ಕಿಲ್ಲವಲ್ಲ ಅನ್ನಿಸಿತು. ಅಲ್ಲಿ ಯಾರೂ ‘ಏನಂದ್ರಿ?’ ಎನ್ನುವುದಿಲ್ಲ. ಕೂಪನ್ನಿಗಾಗಿ ಹೋದವನಿಗೆ ಲೈಸೆನ್ಸ್ ಬೇಕೇ ಬೇಕು ಎಂಬ ಹಟ ಹಿಡಿದದ್ದು ಆಮೇಲೆ.

“ಲೈಸೆನ್ಸ್ ಪರೀಕ್ಷೆಗೆ ಕಳಿಸಬೇಕು ಅಂದ್ರೆ ಟವರ್ ಇರೋ ಏರ್‌ಪೋರ್ಟಿಗೆ ನೀನೊಬ್ಬನೇ ಹೋಗಿ ಬರಬೇಕು” ಎಂದ ಗುರು. “ಯಾರು ನೀನು, ಎಲ್ಲಿದ್ದೀಯ, ಏನು ಬೇಕು. ಮೂರೇ ಮಾತು. ಅದಾಗದಿದ್ರೆ ನಾನು ಸೈನ್ ಹಾಕಲ್ಲ.”

ನಾನು ಚೌಕಾಸಿಗಿಳಿದೆ. “ರೇಡಿಯೋ ಇಲ್ಲದ ವಿಮಾನಗಳಿಗೆ ಟವರಿನವರು ಹಸಿರು ದೀಪ ತೋರಿಸಿ ಇಳಿಸ್ತಾರೆ ಅಂತ ಪು-ಪುಸ್ತಕದಲ್ಲಿದೆಯಲ್ಲ?”

“ಇದೆ. ಅದಕ್ಕೆ ಮೊದಲೇ ಟವರಿಗೆ ಫೋನ್ ಮಾಡಿ ಒಪ್ಪಿಗೆ ತಗೋಬೇಕು. ಮಾಡ್ತೀಯಾ?”

ಮಾತಾಡದೆ ಇರಲು ಅನುಮತಿ ಬೇಕಾದರೆ ಫೋನಿನಲ್ಲಿ ಮಾತಾಡಬೇಕು! ಆ ವ್ಯವಹಾರ ಅಲ್ಲಿಗೇ ಮುರಿಯಿತು.

ಇನ್ನೊಂದು ಉಪಾಯ ಇತ್ತು. ಶಾಲೆಯಲ್ಲಿದ್ದದ್ದು ಎರಡು ವಿಮಾನ. ರೇಡಿಯೋದಲ್ಲಿ ನಾವು ಹೇಳಬೇಕಾದ ಹೆಸರು ಬಾಲದ ಮೇಲೆ ಬರೆದಿರುವ ಅಂಕಿ, ಅಕ್ಷರ. ಎಲ್ ಅಕ್ಷರವಿದ್ದರೆ ಲಿಮಾ, ಬಿ ಇದ್ದರೆ ಬ್ರಾವೋ ಎನ್ನಬೇಕು. ಒಂದರದ್ದು ‘ಲಿಮಾ’ ಎಂದು ಮುಗಿಯುತ್ತಿತ್ತು, ಇನ್ನೊಂದರದ್ದು ‘ಬ್ರಾವೋ’ ಎಂದು. ಬ್ರಾವೋ ಹೊಸದು. ಲಿಮಾದ ಬಾಗಿಲನ್ನು ಹಗ್ಗದಿಂದ ಕಟ್ಟಬೇಕು, ಚಳಿಗಾಲದಲ್ಲಿ ಮೊಣಕಾಲು ಮರಗಟ್ಟುತ್ತಿತ್ತು. ನಾನು ಪ್ರತಿ ಸಲ ಲಿಮಾವನ್ನೇ ಕೇಳುತ್ತಿದ್ದೆ. ಹಳೆಯ ಮಷೀನಿನ ಮರ್ಮ ಬಲ್ಲವನು ಎಂದು ಗುರು ಮೆಚ್ಚಿಕೊಂಡಿದ್ದ.

ಗೊತ್ತುಮಾಡಿದ ದಿನ ಹೋದರೆ ಲಿಮಾದ ಎಂಜಿನ್ ಬಿಚ್ಚಿ ಮೇಜಿನ ಮೇಲೆ ಹರಡಿದ್ದರು. “ಖುಷಿ ಪಡು, ಬ್ರಾವೋ ಖಾಲಿ ಇದೆ” ಎಂದ ಗುರು.

ಹೊರಟೆ. ಕೆಳಗೆ ಟರ್ನ್‌ಪೈಕ್ ಹೆದ್ದಾರಿ, ಅದರಾಚೆ ತೈಲದ ಟ್ಯಾಂಕುಗಳು. ದಾರಿಯುದ್ದಕ್ಕೂ ಬ್ರಾವೋ ಬ್ರಾವೋ ಎಂದು ಜಪ ಮಾಡಿದೆ, ಒಮ್ಮೆಯೂ ತೊದಲಲಿಲ್ಲ. ಕೇಳುವವರಿಲ್ಲದಿದ್ದರೆ ನಾನು ಭಾಷಣವನ್ನೇ ಮಾಡಬಲ್ಲೆ. ಏರ್‌ಪೋರ್ಟ್ ಕಂಡಿತು. ಮೈಕಿನ ಗುಂಡಿ ಒತ್ತಿದೆ. ತುಟಿ ಸೇರಿದವು, ತೆರೆಯಲಿಲ್ಲ.

ಮಾತು ನಿಂತಾಗ ಕಾಯುವುದು ನನ್ನ ರೂಢಿ. ಆದರೆ ಒಬ್ಬ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರ ಮಾತೂ ಕೇಳಿಸುವುದಿಲ್ಲ. ಇಲ್ಲಿ ನಾನು ಕಾದರೆ ಊರೇ ಕಾಯಬೇಕು. ಗುಂಡಿ ಬಿಟ್ಟೆ.

“...ಬರೀ ಗುಂಯ್ ಅಂತಿದೆ, ದನಿ ಇಲ್ಲ” ಎನ್ನುತ್ತಿದ್ದ ಟವರಿನವನು. “ಪಶ್ಚಿಮದಿಂದ ಬರುತ್ತಿರುವ ಚಿಕ್ಕ ವಿಮಾನ, ನಿನ್ನ ಮೈಕ್ ಕೆಟ್ಟಿರೋ ಹಾಗಿದೆ. ನನ್ನ ಮಾತು ಕೇಳಿಸ್ತಿದ್ರೆ ರೆಕ್ಕೆ ಅಲ್ಲಾಡಿಸು.”

ಇಂಥ ಡಿಸ್ಕೌಂಟ್ ನನಗೆ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ. ರೆಕ್ಕೆ ಅಲ್ಲಾಡಿಸಿದೆ, ಬೇಕಾದ್ದಕ್ಕಿಂತ ಜಾಸ್ತಿಯೇ. ಟವರಿನಿಂದ ಹಸಿರು ದೀಪ ಹೊಳೆಯಿತು. ತುಟಿ ಪಿಟಕ್ಕೆನ್ನದೆ ಇಳಿದೆ. ಅಷ್ಟು ಮೆತ್ತಗೆ ಹಿಂದೆಂದೂ ಇಳಿದಿರಲಿಲ್ಲ.

ಎಂಜಿನ್ ನಿಲ್ಲಿಸಿದ್ದೇ ತಡ, ಟೂಲ್ ಬಾಕ್ಸ್ ಹಿಡಿದು ಮೆಕ್ಯಾನಿಕ್ ಬಂದ. ರೇಡಿಯೋ ಪರೀಕ್ಷಿಸಿ, “ಚೆನ್ನಾಗೇ ಇದೆಯಲ್ಲ!” ಎಂದ. ರೇಡಿಯೋ ಸರಿಯಿದ್ದರೆ ಮಾತಾಡಿಯೇ ಹೊರಡಬೇಕು. ಕೆಟ್ಟಿದೆ ಎಂದರೆ ಅವನು ಅದನ್ನು ಬಿಚ್ಚಿಹಾಕುತ್ತಾನೆ. ಮೌನದಿಂದ ಒಳಗೆ ಬರಬಹುದಿತ್ತು, ಹೊರಗೆ ಹೋಗುವ ಹಾಗಿರಲಿಲ್ಲ. “ಟವರಿನವರು ಫೋನ್ ಮಾಡು ಅಂದಿದ್ದಾರೆ” ಎಂದೂ ಅವನು ಹೇಳಿದ. ಫೋನಿಗಿಂತ ಮೆಟ್ಟಿಲು ಹತ್ತುವುದು ವಾಸಿ ಎಂದು ಟವರ್ ಹತ್ತಿದೆ.

ಪಕ್ಕದವನಿಗೆ ಕೆಲಸ ಒಪ್ಪಿಸಿ, ಟವರಿನವನು ಸ್ಯಾಂಡ್‌ವಿಚ್ ಹಿಡಿದು ನನ್ನ ಕಡೆ ತಿರುಗಿದ. “ರೇ-ರೇಡಿಯೋ ಸರಿ ಇದೆ. ಕೆಟ್ಟಿದ್ದು ನನ್ನ ಬಾ... ಬಾ...” ಎಂದೆ. ಬಾಯಿ ಎನ್ನುವುದರೊಳಗೆ ಅವನ ಸ್ಯಾಂಡ್‌ವಿಚ್ ಅರ್ಧ ಮುಗಿದಿತ್ತು.

“ಅಷ್ಟೇನಾ? ನಾನು ಮೆಕ್ಯಾನಿಕ್‌ನ ಎಬ್ಬಿಸಿ ಕಳಿಸಿದೆನಲ್ಲ!”

“ಹಾಗಾದರೆ ಹಸಿರು ದೀಪದಲ್ಲೇ...”

“ಆಗಲ್ಲ. ಒಳ್ಳೆ ರೇಡಿಯೋ ಇಟ್ಕೊಂಡು ದೀಪ ಕೇಳ್ತೀಯಾ?” ಒಳ್ಳೆಯ ವ್ಯಾಪಾರಿ, ಜಗ್ಗಲಿಲ್ಲ. “ಸಿಕ್ಕಿಕೊಂಡಾಗ ಗುಂಡಿ ಬಿಡು. ಬೇರೆಯವರು ಮಾತಾಡಿಕೊಳ್ಳಲಿ. ಆಮೇಲೆ ಮತ್ತೆ ಒತ್ತು. ಎಷ್ಟು ಸಲವಾದರೂ ಸರಿ. ನನಗೆ ಸಂಜೆವರೆಗೂ ಡ್ಯೂಟಿ.”

ಕೆಳಗಿಳಿದು, ವಿಮಾನವನ್ನು ರನ್‌ವೇ ಹತ್ತಿರ ನಿಲ್ಲಿಸಿ ಗುಂಡಿ ಒತ್ತಿದೆ. “ಬ್...” ಬಿಟ್ಟೆ. ಒತ್ತಿದೆ. “ಬ್-ಬ್...” ಬಿಟ್ಟೆ.

“ಯಾರಪ್ಪಾ ಅದು, ಬಸ್ಸಿನ ಹಾರ್ನ್?” ಎಂದಿತು ಮೇಲೆಲ್ಲೋ ಹಾರುತ್ತಿದ್ದ ಒಂದು ದನಿ.

“ನಿನ್ನ ಸರದಿ ಬರೋವರೆಗೂ ಸುತ್ತುತ್ತಿರು” ಎಂದ ಟವರಿನವನು ಅದಕ್ಕೆ.

ಮತ್ತೆ ಒತ್ತಿದೆ. ಬ್ರಾವೋ ಕಂತು ಕಂತಾಗಿ ಹೊರಬಿತ್ತು. ಮಿಕ್ಕದ್ದೆಲ್ಲ ಅದರ ಹಿಂದೆಯೇ ಸರಸರನೆ ಬಂತು: ಎಲ್ಲಿದ್ದೇನೆ, ಏನು ಬೇಕು.

“ಬ್ರಾವೋ, ಟೇಕಾಫ್‌ಗೆ ಅನುಮತಿ ಇದೆ.”

ಏರಿದೆ. ಒಂದು ಸುತ್ತು ಹೊಡೆದು, ಈ ಸಲ ದೀಪವಿಲ್ಲದೆ, ಕೇಳಿಯೇ ಇಳಿದೆ. ಮತ್ತೆ ಕೇಳಿ ಏರಿ, ಮನೆ ಕಡೆ ತಿರುಗಿದೆ.

ಫೀಲ್ಡಿಗೆ ಬಂದಾಗ ಗುರು ಆಫೀಸಿನಲ್ಲಿ ಫೋನ್ ಕಿವಿಗೆ ಒತ್ತಿಕೊಂಡು ನಿಂತಿದ್ದ. ಎಂದೂ ಇಲ್ಲದ ಹಾಗೆ ಬರೀ ಹೂಂಗುಟ್ಟುತ್ತಿದ್ದ. ಫೋನ್ ಇಟ್ಟು ನನ್ನನ್ನೇ ನೋಡಿದ.

“ಟವರಿನವನು ಫೋನ್ ಮಾಡಿದ್ದ. ನಿನ್ನಿಂದಾಗಿ ಮೂರು ವಿಮಾನ ಮೇಲೇ ಸುತ್ತು ಹಾಕ್ತಾ ಇದ್ವಂತೆ.”

“ಮ-ಮತ್ತೆ?”

“ಮತ್ತೇನು, ಎಲ್ಲಾ ಇಳಿದ್ವಂತೆ” ಎಂದು ಜೇಬಿನಲ್ಲಿ ಪೆನ್ನು ಹುಡುಕತೊಡಗಿದ.